ಬಿಸಿಲು ಕುಡಿದ ಭಾವ

ಭಾವ ಊಟ ಬಿಟ್ಟಿದ್ದಾರೆಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರು ಮುದ್ದೆ ಸಾರಿಲ್ಲದೆ ಒಂದು ದಿನವೂ ಇದ್ದವರಲ್ಲ. ಅಶೋಕಪುರಂನ ಅವರ ಮನೆಗೆ ಹೋದಾಗ ಆ ನಗು ನಿಂತುಹೋಯಿತು. ತಾರಸಿಯ ಮೇಲೆ ಅಂಗಿ ಬಿಚ್ಚಿ, ಸೂರ್ಯನ ಕಡೆ ಬಾಯಿ ತೆರೆದು ಕೂತಿದ್ದರು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಉಸಿರಿಗೆ ಕೊಳೆತ ಹಣ್ಣಿನ ನಾತ.

"ಮೈಯೊಳಗಿರೋ ನೀರೇ ಬ್ಯಾಟರಿ ಕಣಮ್ಮ. ಬಿಸಿಲು ಬಿದ್ರೆ ಚಾರ್ಜ್ ಆಗುತ್ತೆ. ಅನ್ನ ಬರೀ ಕಸ."

ಬನ್ನಿಮಂಟಪದ ಒಂದು ಹಾಲ್‌ನಲ್ಲಿ ಯಾರೋ ಗುರು ಕಲಿಸಿದ ಪಾಠವದು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. "ನಾವೇನು ಗಿಡವಾ ಭಾವ? ತಿನ್ನದಿದ್ರೆ ಮೈ ತನ್ನನ್ನೇ ಉರಿಸ್ಕೊಳ್ಳುತ್ತೆ. ಈ ವಾಸನೆ ಅದರದ್ದೇ" ಎಂದೆ.

"ನೀನು ಓದಿರೋದು ಹಳೇ ಪುಸ್ತಕ."

ಅಕ್ಕ ಅತ್ತು ಕರೆದಳೆಂದು ಮುಂದಿನ ಭಾನುವಾರ ಅವರಿಬ್ಬರ ಜೊತೆ ಆ ಹಾಲ್‌ಗೆ ಹೋದೆ. ಗುರುವಿನ ಕೆನ್ನೆ ತುಂಬಿಕೊಂಡು ಮಿರುಗುತ್ತಿತ್ತು. ಅನುಭವ ಹೇಳಿ ಎಂದು ಭಾವನನ್ನು ವೇದಿಕೆಗೆ ಕರೆದ. ಮೈಕ್ ಹಿಡಿದ ಭಾವ ಎರಡು ಮಾತಾಡುವಷ್ಟರಲ್ಲಿ ಕುಸಿದು ಬಿದ್ದರು. ಪಂಚೆ ಒದ್ದೆಯಾಯಿತು.

"ಯಾರೂ ಮುಟ್ಟಬೇಡಿ! ಶಕ್ತಿ ಇಳೀತಾ ಇದೆ" ಎಂದ ಗುರು.

ಜನ ಚಪ್ಪಾಳೆ ತಟ್ಟಿದರು! ಒಬ್ಬಾಕೆ ಬಗ್ಗಿ ಅವರ ಮುಖಕ್ಕೇ ಫೋನ್ ಹಿಡಿದು ವಿಡಿಯೋ ಮಾಡಿದಳು.

"ದಾರಿ ಬುಡ್ರೀ, ನನ್ ಗಂಡ ಸಾಯ್ತಾವ್ರೆ!" ಎಂದು ಅಕ್ಕ ಕಿರುಚಿದಾಗಲೂ ಚಪ್ಪಾಳೆ ತಕ್ಷಣ ನಿಲ್ಲಲಿಲ್ಲ. ನಾವಿಬ್ಬರೇ ಅವರನ್ನು ಎತ್ತಿ ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು.

ಭಾವ ಗಂಜಿ ಕುಡಿಯುವ ಹೊತ್ತಿಗೆ ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಕೊಳಲಿನ ಸಂಗೀತ ಹಾಕಿ, 'ಸೂರ್ಯಶಕ್ತಿ ಮೈಗಿಳಿದ ಕ್ಷಣ' ಎಂದು ಬರೆದಿದ್ದರು. ಒದ್ದೆ ಪಂಚೆಯನ್ನೂ ಮುಚ್ಚಿರಲಿಲ್ಲ. ಭಾವ ಅದನ್ನು ಕೊನೆಯವರೆಗೂ ನೋಡಿದರು.

"ಚಪ್ಪಾಳೆ ತಟ್ತಿರೋ ಇವರೆಲ್ಲ ನಂಗೆ ಗೊತ್ತಿರೋರೇ ಕಣಮ್ಮ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಪೊಲೀಸರಿಗೆ ದೂರು ಕೊಟ್ಟ ಮೇಲೆ ವಿಡಿಯೋ ತೆಗೆದುಹಾಕಿದರು. ಗುರುವಿನ ತರಗತಿ ಮಾತ್ರ ನಡೆಯುತ್ತಲೇ ಇದೆ. ಚಪ್ಪಾಳೆ ತಟ್ಟಿದವರಲ್ಲಿ ನಮ್ಮ ಬೀದಿಯ ಔಷಧಿ ಅಂಗಡಿಯವರೂ ಇದ್ದರು. ಈಗಲೂ ಎದುರು ಸಿಕ್ಕರೆ "ನಿಮ್ಮ ಭಾವ ಹೇಗಿದ್ದಾರೆ?" ಎಂದು ನಗುತ್ತಾ ವಿಚಾರಿಸುತ್ತಾರೆ. ನಾನು ಮುಂದೆ ನಡೆದುಬಿಡುತ್ತೇನೆ. ಮಾತ್ರೆಗೂ ಬೇರೆ ಅಂಗಡಿಗೆ ಹೋಗುತ್ತೇನೆ.