ಶಾಲು ಸರಿ, ಕುಂಕುಮ ಬೇಡ

ಫ್ರೆಂಡ್ಸ್, ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಆಗಲೇ ಸುಸ್ತಾಗಿದ್ದೇನೆ! ಇವತ್ತು ಮಡಗಾಂವ್‌ನಲ್ಲಿ ನಮ್ಮ ಕನ್ನಡ ಮಹಿಳಾ ಮಂಡಳದಿಂದ ಸಡಾ ಬಡಾವಣೆಯ ಗಂಗವ್ವನವರಿಗೆ ಸನ್ಮಾನ ಇತ್ತು. ದುಡಿಯಲು ಬಂದ ನಮ್ಮ ಜನರನ್ನು ‘ಘಾಟಿ’, ಅಂದರೆ ಘಟ್ಟದಾಚೆಯಿಂದ ಬಂದವರು, ಎಂದು ಹೀಯಾಳಿಸಿ ನಲ್ಲಿಯಿಂದ ಓಡಿಸುತ್ತಿದ್ದವರ ಎದುರು ನಿಂತು, ಇಡೀ ಓಣಿಗೆ ನೀರು ತರಿಸಿದವರು ಅವರು. ನನಗಂತೂ ಅವರನ್ನು ನೋಡಿಯೇ ಎಷ್ಟು ಖುಷಿ!

ಹೊಸ ಮದುಮಗಳು ಅಂತ ಅರಿಶಿನ-ಕುಂಕುಮದ ತಟ್ಟೆ ನನ್ನ ಕೈಗೇ ಬಂತು. ಎಲ್ಲರಿಗೂ ಹಚ್ಚುತ್ತ ಗಂಗವ್ವನವರ ಮುಂದೆ ನಿಂತೆ. ಮಂಡಳದ ಅಧ್ಯಕ್ಷೆಯಾದ ನಮ್ಮತ್ತೆ ನನ್ನ ಮೊಣಕೈ ಹಿಡಿದು ಎಳೆದರು.

“ಅವರಿಗೆ ಬ್ಯಾಡ. ಗಂಡ ತೀರಿಹೋಗ್ಯಾನ. ಶಾಲು ಹೊದಸ್ತೀವಲ್ಲ, ಸಾಕು.”

“ಅತ್ತಿ, ಇವತ್ತಿನ ಸನ್ಮಾನನ ಅವರದಲ್ರಿ!”

ಗಂಗವ್ವ ಹಣೆ ಉಜ್ಜಿಕೊಂಡರು. “ಹಚ್ಚೋದಿದ್ರ ಹಚ್ಚವಾ. ನೀರಿಗೆ ಜಗಳಾಡಿ ಜಗಳಾಡಿ ಸಾಕಾಗೇತಿ. ಇದಕ್ಕೂ ನನ್ನ ಕಡಿಂದನ ಜಗಳಾ ಮಾಡಸಬ್ಯಾಡ್ರಿ.”

ಹಚ್ಚಿದೆ.

ಕೊನೆಗೆ ಅತ್ತೆ ಮೈಕ್ ಹಿಡಿದು, “ಅನ್ಯಾಯ ಕಂಡರೆ ನಾವೂ ಗಂಗವ್ವನವರ ಹಾಗೆ ಎದ್ದು ನಿಲ್ಲಬೇಕು” ಎಂದರು. ಜೋರು ಚಪ್ಪಾಳೆ. ಆಮೇಲೆ, ಎದ್ದು ನಿಂತ ನನ್ನ ಜೊತೆ ಫಾತೋರ್ಡಾದ ನಮ್ಮ ಮನೆ ತಲುಪುವವರೆಗೂ ಒಂದು ಮಾತೂ ಆಡಲಿಲ್ಲ.