ಬಸ್ ಟೈಮು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸತ್ತವರು ಸೂಚನೆ ಕೊಟ್ಟರು, ಶಕುನ ಆಯಿತು ಎಂದು ಯಾರಾದರೂ ಶುರು ಮಾಡಿದರೆ ಅಲ್ಲೇ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ಅಂಥದ್ದನ್ನು ನಂಬುತ್ತೇನೆ ಎನ್ನಲಾರೆ. ಆದರೆ ಮೊದಲಿನ ಹಾಗೆ ಗದರಿಸಲು ನಾಲಿಗೆ ಏಳುವುದಿಲ್ಲ. ಅದಕ್ಕೆ ಕಾರಣ ಒಂದು ಹಳೆಯ ಲ್ಯಾಪ್‌ಟಾಪು. ನೀವು ನಕ್ಕರೂ ಪರವಾಗಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಶಿಡ್ಲಘಟ್ಟದ ಮನೆಯಲ್ಲಿ ಇದ್ದದ್ದು ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಮದುವೆಯ ಗೊಡವೆಗೇ ಹೋಗಲಿಲ್ಲ. ಶಾಲೆ ಚಿಕ್ಕಬಳ್ಳಾಪುರದಲ್ಲಿ, ದಿನವೂ ಬಸ್ಸು ಹಿಡಿಯಬೇಕು, ನಾನೋ ಬೆಳಗಿನ ಹೊತ್ತು ಮಹಾ ಸೋಮಾರಿ. ಅದಕ್ಕೆಂದೇ ಅಕ್ಕ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿಟ್ಟಿದ್ದಳು. ಅದು ‘ಬಸ್ ಟೈಮು’. ಮಿಕ್ಕ ಜಗತ್ತಿನದೆಲ್ಲ ‘ಊರ ಟೈಮು’. ನಾನೂ ಕಡಿಮೆಯವಳಲ್ಲ, ಗಡಿಯಾರ ನೋಡುತ್ತಲೇ ಮನಸ್ಸಿನಲ್ಲಿ ಹತ್ತು ನಿಮಿಷ ಕಳೆದು ಇನ್ನೊಂದು ಲೋಟ ಕಾಫಿಗೆ ಕೂರುತ್ತಿದ್ದೆ.

“ಊರ ಟೈಮ್ ಕಟ್ಕೊಂಡು ಏನ್ಮಾಡ್ತೀಯಮ್ಮಾ? ಬಸ್ಸೇನು ನಮ್ಮಪ್ಪನ್ದಾ, ನಿನಗೋಸ್ಕರ ನಿಲ್ಲಕ್ಕೆ? ಪದಮ್ಮಾ, ಪದ!” ಎಂದು ಅಟ್ಟುತ್ತಿದ್ದಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ‘ನಡಿ’ ಹೋಗಿ ತೆಲುಗಿನ ‘ಪದ’ ಬರುತ್ತಿತ್ತು.

ಅಕ್ಕ ತೀರಿಕೊಂಡ ಸ್ವಲ್ಪ ದಿನಕ್ಕೆ ಆ ಗಡಿಯಾರ ನಿಂತಿತು. ಸೆಲ್ ಹಾಕಲು ನನಗೆ ಮನಸ್ಸಾಗಲಿಲ್ಲ. ಬೆಳಗ್ಗೆ ಬೀದಿಯಲ್ಲಿ ರೇಷ್ಮೆಗೂಡಿನ ಮೂಟೆ ಹೊತ್ತ ಟೆಂಪೋಗಳ ಗಲಾಟೆ, ಒಳಗೆ ನನ್ನನ್ನು ಅಟ್ಟುವವರೇ ಇಲ್ಲ. ಆ ಮೌನ ತಡೆಯಲಾಗಲಿಲ್ಲ. ಗೌರಿಬಿದನೂರಿಗೆ ವರ್ಗಾವಣೆ ಕೇಳಿಕೊಂಡೆ. ಸರದಿಯ ಪ್ರಕಾರ ಖಾಲಿ ಜಾಗ ಆರಿಸಿಕೊಳ್ಳುವ ಕೌನ್ಸೆಲಿಂಗ್ ಆನ್‌ಲೈನಿನಲ್ಲಿ. ಅದಕ್ಕಾಗಿಯೇ ಯಾರೋ ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪೊಂದನ್ನು ಕೊಂಡೆ. ಅಕ್ಕ ಅದನ್ನು ಕಣ್ಣಿನಿಂದ ಕೂಡ ನೋಡಿದವಳಲ್ಲ.

ಅದಕ್ಕೊಂದು ರೋಗವಿತ್ತು. ಆನ್ ಮಾಡಿದಾಗಲೆಲ್ಲ ಯಾವುದೋ ಕಾಲದ ತಾರೀಖು ತೋರಿಸುತ್ತಿತ್ತು. ಯಾವ ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ನಿಮ್ಮ ಗಡಿಯಾರ ಹಿಂದಿದೆ ಎಂದು ನನಗೇ ಬುದ್ಧಿ ಹೇಳುತ್ತಿತ್ತು. ನಮ್ಮ ಶಾಲೆಯ ಗಣಿತದ ಟೀಚರ್ ನಜ್ಮಾ ಚಿಂತಾಮಣಿಯವಳು, ಇಂಥದ್ದರಲ್ಲಿ ಗಟ್ಟಿಗಿತ್ತಿ. ಒಂದು ಸಂಜೆ ಬಂದು ನೋಡಿದಳು.

“ಒಳಗಿನ ಸಣ್ಣ ಸೆಲ್ ಸತ್ತೋಗಿದೆ ಮೇಡಂ. ಅದಕ್ಕೆ ಎದ್ದ ತಕ್ಷಣ ನೆಟ್ಟಲ್ಲಿ ಟೈಮ್ ಕೇಳತ್ತೆ. ಆದ್ರೆ ನಿಮ್ ವೈಫೈ ಏಳೋದು ಲೇಟು. ಇದು ಒಂದ್ಸಲ ಕೇಳತ್ತೆ, ಯಾರೂ ಉತ್ತರ ಕೊಡಲ್ಲ, ಸುಮ್ನಾಗ್ಬಿಡತ್ತೆ. ನೆಟ್ ಬರೋವರ್ಗೂ ಕಾಯಪ್ಪಾ ಅಂತ ಇದಕ್ಕೆ ಹೇಳ್ಬೇಕು. ಭಾನುವಾರ ಬಂದು ಮಾಡ್ಕೊಡ್ತೀನಿ. ಅಲ್ಲೀವರೆಗೂ ನೀವೇ ಕೈಯಲ್ಲಿ ತಿದ್ಕೊಳ್ಳಿ.”

ಯಾರೂ ಉತ್ತರ ಕೊಡದಿದ್ದಾಗ ಸುಮ್ಮನಾಗುವುದು ಎಂದರೇನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಹೋದ ಮೇಲೆ ಆ ಯಂತ್ರದ ಮೇಲೆ ಸ್ವಲ್ಪ ಪ್ರೀತಿಯೇ ಹುಟ್ಟಿತು.

ಭಾನುವಾರಕ್ಕೆ ಮೊದಲೇ ಕೌನ್ಸೆಲಿಂಗ್ ದಿನ ಬಂತು. ಬೆಳಗ್ಗೆ ಎದ್ದರೆ ಕರೆಂಟಿಲ್ಲ. ವೈಫೈ ಇಲ್ಲ, ಫೋನಿನಲ್ಲಿ ಚಾರ್ಜಿಲ್ಲ. ಮೋಡ ಕವಿದು ಹೊತ್ತೆಷ್ಟಾಯಿತೆಂದು ತಿಳಿಯುವಂತಿರಲಿಲ್ಲ. ನನ್ನ ಸರದಿ ಹತ್ತು ಗಂಟೆಗೆ. ಇನ್ನೂ ಬೇಕಾದಷ್ಟು ಹೊತ್ತಿದೆ, ಅಷ್ಟರಲ್ಲಿ ಕರೆಂಟು ಬರುತ್ತದೆ ಎಂದುಕೊಂಡು ಕಾಫಿ ಹಿಡಿದು ಕೂತಿದ್ದೆ. ಚಾರ್ಜ್ ಎಷ್ಟಿದೆ ನೋಡೋಣವೆಂದು ಲ್ಯಾಪ್‌ಟಾಪ್ ಆನ್ ಮಾಡಿದೆ. ಪರದೆಯ ಮೂಲೆಯಲ್ಲಿ ಅಂದಿನದೇ ತಾರೀಖು. ಪಕ್ಕದಲ್ಲಿ ಒಂಬತ್ತು ಐವತ್ತು.

ಇದಕ್ಕೆ ಟೈಮು ಹೇಳಿದವರು ಯಾರು ಎಂದು ಆಗ ಹೊಳೆಯಲೇ ಇಲ್ಲ. ಕಾಫಿ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಓಡಿದೆ. ಅಲ್ಲಿ ಯುಪಿಎಸ್ ಇದೆ. ಏದುಸಿರು ಬಿಡುತ್ತ ಒಳಗೆ ಹೋಗಿ ಗೋಡೆ ನೋಡಿದರೆ, ಗಂಟೆ ಒಂಬತ್ತೂ ನಲವತ್ತೈದು! ನಮ್ಮ ಮನೆಯಿಂದ ಅಲ್ಲಿಗೆ ಐದು ನಿಮಿಷದ ದಾರಿ. ಲೆಕ್ಕ ನೀವೇ ಹಾಕಿ.

ಫೋನು ಚಾರ್ಜಿಗೆ ಹಾಕಿ ಲಾಗಿನ್ ಆಗುವಷ್ಟರಲ್ಲಿ ನನ್ನ ಹೆಸರು ಬಂದೇಬಿಟ್ಟಿತು. ನನಗಿಂತ ಮುಂಚಿನವರು ಹಾಜರಿರಲಿಲ್ಲವಂತೆ. ಗೌರಿಬಿದನೂರಿನಲ್ಲಿ ಉಳಿದಿದ್ದದ್ದು ಒಂದೇ ಜಾಗ, ಅದು ನನಗೆ ಸಿಕ್ಕಿತು. ಮನೆಗೆ ಕರೆಂಟು ಬಂದದ್ದು ಊಟದ ಹೊತ್ತು ದಾಟಿದ ಮೇಲೆ. ಊರ ಟೈಮು ನಂಬಿ ಕೂತಿದ್ದರೆ ನಾನು ಅದೇ ಮನೆಯಲ್ಲಿ ಉಳಿಯುತ್ತಿದ್ದೆ.

ಭಾನುವಾರ ನಜ್ಮಾ ಅದರೊಳಗಿನ ದಾಖಲೆ ಕೆದಕಿ ನೋಡಿದಳು. ಆ ಬೆಳಗ್ಗೆ ಲ್ಯಾಪ್‌ಟಾಪು ಟೈಮು ಕೇಳಿದೆ, ಉತ್ತರ ಎಲ್ಲಿಂದಲೂ ಬಂದಿಲ್ಲ. “ಸೆಲ್ಲಲ್ಲಿ ಒಂಚೂರು ಜೀವ ಇತ್ತೇನೋ ಮೇಡಂ, ಮುಂದಕ್ಕೆ ಓಡಿರ್ಬೇಕು” ಎಂದಳು. ಇರಬಹುದು. ಸರಿಯಾಗಿ ಹತ್ತೇ ನಿಮಿಷ ಯಾಕೆ ಓಡಿತು ಎಂದು ಕೇಳಿದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಹೊಸ ಸೆಲ್ ಹಾಕಿ, ನೆಟ್ ಬರುವವರೆಗೆ ಕಾಯುವಂತೆ ಮಾಡಿಕೊಟ್ಟಳು. ಆಮೇಲೆ ಅದು ಒಮ್ಮೆಯೂ ತಪ್ಪು ಸಮಯ ತೋರಿಸಿಲ್ಲ.

ಈಗ ನಾನು ಗೌರಿಬಿದನೂರಿನಲ್ಲಿದ್ದೇನೆ. ಶಾಲೆ ಹಳ್ಳಿಯಲ್ಲಿ, ಇಲ್ಲೂ ಬಸ್ಸೇ ಗತಿ. ಗೋಡೆಗೆ ಹೊಸ ಗಡಿಯಾರ ಹಾಕಿ, ಫೋನು ನೋಡಿ ಸರಿಯಾಗಿ ಇಟ್ಟಿದ್ದೇನೆ. ಆದರೂ ಅದನ್ನು ನೋಡಿದೊಡನೆ ಮನಸ್ಸು ತಾನಾಗಿ ಹತ್ತು ನಿಮಿಷ ಕಳೆದುಬಿಡುತ್ತದೆ. ಇನ್ನೊಂದು ಲೋಟ ಕಾಫಿಗೆ ಕೂರುತ್ತೇನೆ. ಬಸ್ಸು ಹೋಗಿಬಿಟ್ಟಿರುತ್ತದೆ, ಬೈಯುವವರು ಯಾರೂ ಇರುವುದಿಲ್ಲ.