ಏಳನೇ ದಾರಿಯ ಸೀನು

ನಕ್ಷೆ ಕಚೇರಿಯಲ್ಲಿ ಅವರನ್ನು ಎಲ್ಲರೂ ಗೆರೆಯಪ್ಪನವರು ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ಇಳಿಜಾರು ಮೇಜಿನ ಮುಂದೆ ಕೂತು ಬೆಟ್ಟ, ಹೊಳೆ, ರಸ್ತೆಗಳನ್ನು ಬರೆದವರು. ಅಳತೆಗೆ ಹೋಗುವವರು ಬೇರೆ. ಅವರು ತಂದುಕೊಟ್ಟ ಅಂಕಿಗಳನ್ನು ಗೆರೆ ಮಾಡುವುದಷ್ಟೇ ಇವರ ಕೆಲಸ. ಹಾಗಾಗಿ ಐದು ಬೆಟ್ಟಸಾಲುಗಳನ್ನು ಬರೆದರೂ ಅವರು ಹತ್ತಿದ್ದು ಕಚೇರಿಯ ಎರಡನೇ ಮಹಡಿಯನ್ನು ಮಾತ್ರ, ಅದೂ ಲಿಫ್ಟ್ ಕೆಟ್ಟ ದಿನಗಳಲ್ಲಿ.

ನಿವೃತ್ತಿಯಾದ ಮೂರನೇ ವಾರ ಅವರು ಅಡುಗೆಮನೆಯ ನಕ್ಷೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಉಪ್ಪಿನ ಡಬ್ಬಿಗೊಂದು ಸಂಖ್ಯೆ, ಒಲೆಯಿಂದ ಸಿಂಕಿಗೆ ಹೋಗಲು ಬಾಣದ ಗುರುತು. ಅವರ ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು, ಸುಲಭಕ್ಕೆ ಬೆಚ್ಚುವವರಲ್ಲ. ಆದರೂ ಆ ಬಾಣವನ್ನು ನೋಡಿ ಕೈಲಿದ್ದ ಸೌಟನ್ನು ಕೆಳಗಿಟ್ಟರು.

“ರೀ, ನೀವು ಬರೆದಿದ್ರಲ್ಲ ಆ ಬೆಟ್ಟದ ಕೆರೆ, ನಾಳೆ ಹೋಗಿ ಅದನ್ನ ಒಂದು ಸುತ್ತು ಹಾಕಿ ಬನ್ನಿ.”

“ಒಬ್ಬನೇನಾ?”

“ನನಗೆ ಡ್ಯೂಟಿ ಇದೆ. ಅಲ್ಲಿನ ದಾರಿ ನಿಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?”

ಮಾತು ಸರಿಯಾಗಿಯೇ ಇತ್ತು. ಬೆಳಗಿನ ಮೊದಲ ಬಸ್ಸು ಹಿಡಿದು ಎಂಟು ಗಂಟೆಗೆಲ್ಲ ಕೆರೆಯ ಗೇಟಿನ ಮುಂದೆ ಇಳಿದರು. ಅಲ್ಲಿ ತಗಡಿನ ಗೂಡಿನೊಳಗೆ ಕೂತಿದ್ದ ಕಾವಲಿನ ಹೆಂಗಸು ಟಿಕೆಟ್ ಹರಿದುಕೊಟ್ಟು, ಮಡಚಿದ ನಕ್ಷೆಯೊಂದನ್ನು ಮುಂದೆ ಚಾಚಿದಳು.

“ಬೇಡಮ್ಮ, ನನಗೆ ದಾರಿ ಗೊತ್ತು.”

“ಮುಂಚೆ ಬಂದಿದ್ದೀರಾ?”

“ಇಲ್ಲ.”

“ಮತ್ತೆ ಹೇಗೆ ಗೊತ್ತು?”

ಗೆರೆಯಪ್ಪನವರು ಸ್ವಲ್ಪ ಯೋಚಿಸಿ ನಕ್ಷೆಯನ್ನು ತೆಗೆದುಕೊಂಡರು.

ಕೆರೆಯ ಸುತ್ತು ಹನ್ನೊಂದು ಕಿಲೋಮೀಟರು. ನಕ್ಷೆಯಲ್ಲಿ ಅವರ ಹೆಬ್ಬೆರಳಿನ ಉಗುರಿನಷ್ಟಿದ್ದ ಏರು ಮುಕ್ಕಾಲು ಗಂಟೆ ತಿಂದಿತು. ಮೇಜಿನ ಮೇಲೆ ಉತ್ತರ ದಿಕ್ಕು ಸದಾ ಮೇಲ್ಗಡೆ ಇರುತ್ತಿತ್ತು; ಇಲ್ಲಿ ಮೇಲ್ಗಡೆ ನೋಡಿದರೆ ಬರೀ ಆಕಾಶ. ಎರಡು ಸಲ ಕವಲು ತಪ್ಪಿ, ಎರಡು ಸಲವೂ ಅದೇ ಮುರಿದ ಮರದ ಹತ್ತಿರ ಬಂದು ನಿಂತರು. ಜೌಗು ನೆಲಕ್ಕೆ ತಾವೇ ಹಾಕಿದ್ದ ಪುಟ್ಟ ನೀಲಿ ಗೀಟುಗಳು ಎಷ್ಟು ಮುದ್ದಾಗಿದ್ದವೆಂದರೆ, ಮೊಣಕಾಲಿನವರೆಗೆ ಹೂತುಹೋದ ಮೇಲೂ ಇದೇ ಅದು ಎಂದು ಅವರಿಗೆ ಹೊಳೆಯಲಿಲ್ಲ. ಕಾಲು ಬಂತು, ಬೂಟು ಬರಲಿಲ್ಲ. ಕೆಸರಿನ ಮೇಲೆ ಬೋರಲು ಮಲಗಿ, ತೋಳನ್ನು ಭುಜದವರೆಗೆ ಇಳಿಸಿ ಬೂಟನ್ನು ಕಿತ್ತುಕೊಂಡರು. ಎದ್ದು ನಿಂತಾಗ ಎದುರಿನ ಬೋರ್ಡಿನಲ್ಲಿ ‘ಎಚ್ಚರಿಕೆ, ಜೌಗು’ ಎಂದಿತ್ತು. ಹಾಗಿದ್ದರೂ ಅವರಿಗೆ ಒಳಗೊಳಗೇ ಖುಷಿಯಾಯಿತು. ಗೀಟುಗಳನ್ನು ಸರಿಯಾದ ಜಾಗದಲ್ಲೇ ಹಾಕಿದ್ದರು.

ಮಧ್ಯಾಹ್ನ ಬಂಡೆಯೊಂದರ ಮೇಲೆ ಕೂತು ಬ್ರೆಡ್ಡು, ಬಾಳೆಹಣ್ಣು ತಿನ್ನುತ್ತಿದ್ದಾಗ ಪಕ್ಕದಲ್ಲಿದ್ದ ಕಂಬ ಕಣ್ಣಿಗೆ ಬಿತ್ತು. ಅದರ ಮೇಲೆ ‘ದಾರಿ ೭’ ಎಂದು ಬರೆದಿತ್ತು. ಬಾಳೆಹಣ್ಣನ್ನು ಬಂಡೆಯ ಮೇಲಿಟ್ಟು, ಎದ್ದು ಹೋಗಿ ಆ ಅಂಕಿಯನ್ನು ಬೆರಳಿನಿಂದ ಉಜ್ಜಿ ನೋಡಿದರು.

ಏಳನೇ ದಾರಿ ಇರಲೇಬಾರದಿತ್ತು. ಹದಿನೆಂಟು ವರ್ಷಗಳ ಹಿಂದೆ ಈ ದಂಡೆಯ ದಾರಿಗೆ ಗೆರೆ ಎಳೆಯುತ್ತಿದ್ದಾಗ ಪಕ್ಕದ ಮೇಜಿನವನು ಹಳೇ ಕಡತವೊಂದನ್ನು ಕೊಡವಿದ್ದ. ಗೆರೆಯಪ್ಪನವರಿಗೆ ಸೀನು ಬಂತು. ಅವರಿಗೆ ಯಾವಾಗಲೂ ಜೋಡಿ ಸೀನು: ಮೊದಲನೆಯದಕ್ಕೆ ಪೆನ್ನು ದಂಡೆ ಬಿಟ್ಟು ಗುಡ್ಡಕ್ಕೆ ಹಾರಿತು, ಎರಡನೆಯದಕ್ಕೆ ವಾಪಸು ಬಂತು. ಬ್ಲೇಡಿನಿಂದ ಕೆರೆದು ತೆಗೆದರಾಯಿತು ಎಂದುಕೊಂಡು ಮುಖ ತೊಳೆಯಲು ಹೋದರು. ಬರುವಷ್ಟರಲ್ಲಿ ಸಾಹೇಬರು ಸಹಿ ಹಾಕಿ ಹಾಳೆಯನ್ನು ಅಚ್ಚಿಗೆ ಕಳಿಸಿಬಿಟ್ಟಿದ್ದರು. ಅಚ್ಚಿನವರು ದಾರಿಯ ಗೆರೆಗಳನ್ನು ಎಣಿಸಿ ಅದಕ್ಕೂ ಏಳನೇ ನಂಬರು ಕೊಟ್ಟರು. ಸಹಿಯಾದ ನಕ್ಷೆಯನ್ನು ತಿದ್ದುವುದೆಂದರೆ ಮೂರು ಪ್ರತಿ ಅರ್ಜಿ, ಕಾರಣ ಸಹಿತ. ಕಾರಣ ಎಂಬಲ್ಲಿ ‘ಸೀನು’ ಎಂದು ಬರೆಯಲು ಅವರಿಗೆ ಧೈರ್ಯ ಸಾಲಲಿಲ್ಲ.

ಈಗ ಆ ಸೀನಿಗೆ ಕಲ್ಲಿನ ಮೆಟ್ಟಿಲುಗಳಿದ್ದವು, ಕಬ್ಬಿಣದ ಕಂಬಿ ಇತ್ತು. ಜನ ಅದನ್ನು ಹತ್ತುತ್ತಿದ್ದರು.

ಅವರೂ ಹತ್ತಿದರು. ಮುಂದೆ ಒಬ್ಬ ಹಿರಿಯ ಹೆಂಗಸು ಸರಸರನೆ ಹೋಗುತ್ತಿದ್ದಳು, ಹಿಂದೆ ಅವಳ ಅಳಿಯ ಏದುಸಿರು ಬಿಡುತ್ತಿದ್ದ. ನೂರಾರು ಮೆಟ್ಟಿಲಾದ ಮೇಲೆ ದಾರಿ ಏಕಾಏಕಿ ಮೊಣಕೈಯಂತೆ ತಿರುಗಿ ಕೆಳಗಿಳಿಯುತ್ತಿತ್ತು. ತಿರುವಿನಲ್ಲಿ ಒಂದು ಬೆಂಚು. ಬೆಂಚಿನ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಬೋಳು ಬಂಡೆ.

“ಇಲ್ಲಿ ಸೀನ್ ಏನೂ ಇಲ್ಲವಲ್ಲ ಅತ್ತೆ,” ಎಂದ ಅಳಿಯ.

“ಹಳೇ ಕಾಲದವರು ಸುಮ್ಮಸುಮ್ಮನೆ ದಾರಿ ಮಾಡ್ತಾರಾ? ಏನೋ ಲೆಕ್ಕಾಚಾರ ಇರುತ್ತೆ. ಕಣ್ಮುಚ್ಚಿ ಕೂತ್ಕೊಳ್ಳಿ, ಗೊತ್ತಾಗುತ್ತೆ.”

ಗೆರೆಯಪ್ಪನವರಿಗೆ ತಡೆಯಲಾಗಲಿಲ್ಲ. “ಲೆಕ್ಕಾಚಾರ ಏನಿಲ್ಲಮ್ಮ. ಇದು ನನ್ನ ಸೀನು,” ಎಂದು ಮೊದಲಿನಿಂದ ಕೊನೆಯವರೆಗೂ ಹೇಳಿದರು.

ಅತ್ತೆ ಅವರ ಕೆಸರು ಮೆತ್ತಿದ ಅಂಗಿಯನ್ನೂ ಮುಖವನ್ನೂ ನೋಡಿದಳು. “ಬಿಸಿಲು ಜಾಸ್ತಿ ಇದೆ, ಸ್ವಲ್ಪ ನೀರು ಕುಡೀರಿ,” ಎಂದು ಬಾಟಲಿ ಕೊಟ್ಟು ಇಳಿಯತೊಡಗಿದಳು. ಅಳಿಯ ಮಾತ್ರ ಬಗ್ಗಿ ಪಿಸುಗುಟ್ಟಿದ: “ಎರಡನೇ ಸೀನು ಬರದೇ ಇದ್ದಿದ್ರೆ ನಾವು ಎಲ್ಲಿಗೆ ಹೋಗ್ತಿದ್ವಿ ಸಾರ್?”

“ಈ ಬಂಡೆಯೊಳಕ್ಕೆ.”

“ಹಾಗಾದ್ರೆ ತುಂಬಾ ಉಪಕಾರ ಆಯ್ತು,” ಎಂದು ಅವನು ಕೈಮುಗಿದು ಹೋದ.

ಸಂಜೆ ಗೇಟಿಗೆ ಬಂದವರೇ ಕಾವಲಿನವಳ ಮುಂದೆ ನಿಂತರು. “ಏಳನೇ ದಾರಿ ತಪ್ಪಮ್ಮ.”

“ಯಾಕೆ, ಮೆಟ್ಟಿಲು ಸಡಿಲ ಆಗಿದೆಯಾ?”

“ಇಲ್ಲ, ಗಟ್ಟಿಯಾಗಿದೆ.”

“ಕಂಬಿ?”

“ಅದೂ ಚೆನ್ನಾಗಿದೆ. ಆದರೆ ಅಲ್ಲಿ ದಾರಿ ಅನ್ನೋದೇ ಇಲ್ಲ.”

“ನೀವು ಈಗ ಅದರಲ್ಲೇ ತಾನೇ ಬಂದಿದ್ದು?”

ಆಮೇಲೆ ಅವಳು ತಾಳ್ಮೆಯಿಂದ ವಿವರಿಸಿದಳು. ತಾನು ಕೆಲಸಕ್ಕೆ ಸೇರಿದಾಗ ನಕ್ಷೆಯಲ್ಲಿ ಏಳು ದಾರಿ, ನೆಲದ ಮೇಲೆ ಆರು. ಬಂದವರೆಲ್ಲ ಏಳನೆಯದು ಎಲ್ಲಿ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಕೊನೆಗೆ ಮೇಲಿನವರು ಬೇಸತ್ತು, ನಕ್ಷೆ ನೋಡಿಕೊಂಡು ದಾರಿ ಕಡಿಸಿದರು. “ಆ ಮೆಟ್ಟಿಲಿನ ಕಲ್ಲು ಹೊತ್ತವರಲ್ಲಿ ನಾನೂ ಒಬ್ಬಳು. ಒಂದು ಬೇಸಿಗೆ ಪೂರ್ತಿ. ಇವತ್ತಿಗೂ ಸೊಂಟ ಹಿಡಿಯುತ್ತೆ.”

ಗೆರೆಯಪ್ಪನವರ ಮುಖ ಸಣ್ಣದಾಯಿತು. “ತಪ್ಪಾಯ್ತಮ್ಮ,” ಎಂದರು. ಅವಳು ದೂರಿನ ಪುಸ್ತಕ ತೆಗೆದು ಪೆನ್ನು ಕೊಟ್ಟಳು. ಅವರು ನಿಂತಲ್ಲೇ ಒಂದೂವರೆ ಪುಟ ಬರೆದರು, ಪಕ್ಕದಲ್ಲೊಂದು ಚಿತ್ರ ಸಹಿತ. ಕಾರಣ ಎಂಬಲ್ಲಿ ‘ಸೀನು, ಎರಡು’ ಎಂದು ನಮೂದಿಸಿದರು.

ಎರಡು ತಿಂಗಳಾದ ಮೇಲೆ ಉತ್ತರ ಬಂತು. ಹೆಂಡತಿಯೇ ಗಟ್ಟಿಯಾಗಿ ಓದಿದರು: “ತಮ್ಮ ದೂರಿನ ಮೇರೆಗೆ ಸ್ಥಳ ಪರಿಶೀಲನೆ ನಡೆಸಲಾಯಿತು. ಏಳನೇ ದಾರಿಯು ನಕ್ಷೆಗೆ ಸಂಪೂರ್ಣವಾಗಿ ಹೊಂದಿಕೆಯಾಗಿದ್ದು, ನಕ್ಷೆಯಲ್ಲಿ ಯಾವುದೇ ತಪ್ಪು ಕಂಡುಬಂದಿರುವುದಿಲ್ಲ. ಸೀನಿನ ಬಗ್ಗೆ ಕಚೇರಿಯಲ್ಲಿ ದಾಖಲೆ ಲಭ್ಯವಿಲ್ಲ.” ಓದಿ ಮುಗಿಸುವಷ್ಟರಲ್ಲಿ ಅವರಿಗೆ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಳ್ಳಬೇಕಾಯಿತು.

ಗೆರೆಯಪ್ಪನವರು ನಗಲಿಲ್ಲ. “ಇನ್ನು ನಾನೇನು ಮಾಡೋಕಾಗುತ್ತೆ?”

“ಏನೂ ಮಾಡ್ಬೇಡಿ. ಭಾನುವಾರ ನನಗೆ ರಜ ಇದೆ, ನನ್ನನ್ನೂ ಕರ್ಕೊಂಡು ಹೋಗಿ.”

ಆ ಭಾನುವಾರ ಇಬ್ಬರೂ ಏಳನೇ ದಾರಿ ಹತ್ತಿದರು. ಹೆಂಡತಿ ನಡುನಡುವೆ ನಿಂತು, ಕಂಬಿ ಹಿಡಿದು, ಉಸಿರು ಸರಿಮಾಡಿಕೊಂಡು ಬಂದರು. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಬಂಡೆಯನ್ನೇ ನೋಡಿದರು. ಅದರ ಬಿರುಕಿನಲ್ಲಿ ಇರುವೆಗಳು ಏನನ್ನೋ ಹೊತ್ತುಕೊಂಡು ಹೋಗುತ್ತಿದ್ದವು.

“ನೆರಳಿದೆ, ತಂಪಾಗಿದೆ,” ಎಂದರು. “ಪರವಾಗಿಲ್ಲ ಕಣ್ರೀ, ಒಳ್ಳೇ ಜಾಗ.”

ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಜೋಡಿ ಏದುಸಿರು ಬಿಡುತ್ತಾ ಹತ್ತಿ ಬಂತು. ಗೆರೆಯಪ್ಪನವರು ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದು, ಅವರಿಗೆ ಕೂರಲು ಜಾಗ ಬಿಟ್ಟರು.